ಕೆಲಸದ ಅವಧಿ ‘ಅವರವರ ಇಷ್ಟ’ ಅಂದರೆ ಯಾರ ಇಷ್ಟ?

“ದಿನಕ್ಕೆ ಎಷ್ಟು ಹೊತ್ತು ದುಡಿಯಬೇಕು ಅಂತ ಹೇಳೋಕೆ ಸರ್ಕಾರ ಯಾರು? ಅದು ಅವರವರ ಇಷ್ಟ.”

2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಾಗಿನಿಂದ ಈ ಮಾತು ಕೇಳಿಸುತ್ತಲೇ ಇದೆ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ವಿಡಿಯೋ ಬಂತು. ಅವರದು 90 ಗಂಟೆ. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಅಂತ ಕೇಳಿದ್ದೂ ಅವರೇ.

ಸ್ವಂತ ಕೆಲಸದ ಮಟ್ಟಿಗೆ ನಾನೂ ‘ಅವರವರ ಇಷ್ಟ’ ಅನ್ನುವವಳೇ. ನಮ್ಮ ಚಿಕ್ಕಪ್ಪ ದಿನಸಿ ಅಂಗಡಿ ಇಟ್ಟಿದ್ದಾರೆ. ಹಾಲು ಬರುವ ಹೊತ್ತಿಗೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಹತ್ತಕ್ಕೆ. ಯಾರೂ ಕೇಳಬೇಕಾಗಿಲ್ಲ. ಲಾಭ ಬಂದರೆ ಅವರದೇ, ಸುಸ್ತಾದರೆ ಮಧ್ಯಾಹ್ನ ಶಟರ್ ಎಳೆದು ಮಲಗಬಹುದು. ಆದರೆ ಅಲ್ಲಿ ಸಂಬಳಕ್ಕಿರುವ ಹುಡುಗ ಹಾಗೆ ಮಲಗೋಕಾಗುತ್ತಾ? ಕಾನೂನು ಬೇಕಾಗಿರುವುದು ಅವನಿಗೆ. ಕಂಪನಿ ಕಟ್ಟಿದವರು ತಮ್ಮ ಷೇರಿಗೆ ದುಡಿದ ಲೆಕ್ಕವನ್ನು ಸಂಬಳಕ್ಕೆ ದುಡಿಯುವವರಿಗೂ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

2023ರ ಫೆಬ್ರುವರಿಯಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ದಿನಕ್ಕೆ 9 ಗಂಟೆ ಇದ್ದ ಮಿತಿಯನ್ನು 12ರವರೆಗೂ ಏರಿಸಬಹುದು, ವಾರಕ್ಕೆ ಮಾತ್ರ 48 ದಾಟುವಂತಿಲ್ಲ ಅಂತಾಯಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ, ಅಂದರೆ ಹೆಚ್ಚುವರಿ ದುಡಿಮೆಯ, ಮಿತಿ 145 ಆಯಿತು. ನಾಲ್ಕು ದಿನ ದುಡಿ, ಮೂರು ದಿನ ರಜೆ ಅಂದರೆ ಕೇಳೋಕೆ ಚೆನ್ನಾಗಿಯೇ ಇದೆ. 12 ಗಂಟೆಯ ದಿನಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಅಂತಲೂ ಬರೆದಿದ್ದರು. ಅಲ್ಲಿಗೆ ‘ಅವರವರ ಇಷ್ಟ’ವೂ ಆಯಿತು.

ಆ ಒಪ್ಪಿಗೆ ಹೇಗೆ ಹುಟ್ಟುತ್ತದೆ ಅಂತ ಗಾರ್ಮೆಂಟ್ಸ್‌ಗೆ ಹೋಗುವವರನ್ನು ಕೇಳಿ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಅಕ್ಕ ಒಬ್ಬರು ಟೈಲರ್. ಶಿಪ್‌ಮೆಂಟ್ ಹತ್ತಿರ ಬಂತು ಅಂದರೆ ಸೂಪರ್‌ವೈಸರ್ ಲೈನಿನ ಹತ್ತಿರ ನಿಂತು “ಟಾರ್ಗೆಟ್ ಆಗಿಲ್ಲ, ಯಾರೂ ಹೋಗೋಂಗಿಲ್ಲ” ಅನ್ನುತ್ತಾನಂತೆ. ಟಾರ್ಗೆಟ್ ಆಗದ್ದು ಇವರ ತಪ್ಪು ಅಂತ ಆ ಹೊತ್ತನ್ನು ಓಟಿಗೂ ಬರೆಯುವುದಿಲ್ಲ. ಕಾಯ್ದೆಯ ಪ್ರಕಾರ ಓಟಿಗೆ ಡಬಲ್ ಸಂಬಳ ಕೊಡಬೇಕು. ಒಪ್ಪಿಗೆ ಪತ್ರದ ಬಗ್ಗೆ ಕೇಳಿದೆ. “ಸೈನ್ ಹಾಕು ಅಂದ್ರೆ ಹಾಕ್ತೀವಿ ಕಣಮ್ಮ. ಅದನ್ನ ಓದ್ಕೊಂಡು ಕೂತ್ರೆ ನಾಳೆ ಮಿಷನ್ ಮೇಲೆ ಬೇರೆಯವಳು ಕೂತಿರ್ತಾಳೆ” ಅಂದರು.

ಲೈನಿನಲ್ಲಿ ನಾಲ್ಕು ಜನ ಹೂಂ ಅಂದ ಮೇಲೆ ಐದನೆಯವಳು ಊಹೂಂ ಅನ್ನುವುದು ಕಷ್ಟ. ಮಾಲೀಕರ ಕಥೆಯೂ ಅಷ್ಟೇ. ಒಬ್ಬ ಆರು ಗಂಟೆಗೆ ಬೆಲ್ ಹೊಡೆದು ಎಲ್ಲರನ್ನೂ ಮನೆಗೆ ಕಳಿಸಿದರೆ, ರಾತ್ರಿ ಒಂಬತ್ತರವರೆಗೆ ಲೈನ್ ಓಡಿಸುವ ಪಕ್ಕದ ಫ್ಯಾಕ್ಟರಿಗೆ ಆರ್ಡರ್ ಹೋಗುತ್ತದೆ. ಅದಕ್ಕೇ ಮಿತಿ ಎಲ್ಲರಿಗೂ ಒಂದೇ ಇರಬೇಕು, ಅದನ್ನು ಹಾಕಬೇಕಾದ್ದು ಕಾನೂನೇ.

ಓಟಿ ತಾವಾಗಿಯೇ ಕೇಳುವವರೂ ಇದ್ದಾರೆ, ಸುಳ್ಳಲ್ಲ. ಬಾಡಿಗೆ, ಮಗುವಿನ ಫೀಸು, ಚೀಟಿ ದುಡ್ಡು ಮೂಲ ಸಂಬಳದಲ್ಲಿ ಮುಗಿಯುವಂತಿದ್ದರೆ ಇವರಲ್ಲಿ ಎಷ್ಟು ಜನ ಕೇಳುತ್ತಿದ್ದರು? ಇದು ಸಂಬಳ ಕಡಿಮೆ ಅನ್ನುವುದಕ್ಕೆ ಸಾಕ್ಷಿ. ಮಿತಿ ತೆಗೆಯುವುದಕ್ಕೆ ಇದನ್ನೇ ಕಾರಣ ಮಾಡಿಕೊಳ್ಳಬೇಡಿ.

ವಾರಕ್ಕೆ 48 ಗಂಟೆ ಸುಮ್ನೆ ಬಂದದ್ದಲ್ಲ. 1919ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ 48 ಗಂಟೆ ಅಂದಾಗ, ಬ್ರಿಟಿಷ್ ಭಾರತಕ್ಕೆ ಮಾತ್ರ 60 ಅಂತ ಬೇರೆಯೇ ಬರೆದಿದ್ದರು. 1922ರ ಕಾಯ್ದೆಯಲ್ಲಿ ಆ 60 ಬಂತು. 1934ರಲ್ಲಿ, ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ, 54 ಆಯಿತು. 48ಕ್ಕೆ ಇಳಿದದ್ದು 1946ರಲ್ಲಿ, ವೈಸ್‌ರಾಯ್ ಮಂಡಳಿಯಲ್ಲಿ ಅಂಬೇಡ್ಕರ್ ಅವರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಈಗ 70 ಅಂದರೆ ಬ್ರಿಟಿಷರ 1922ರ ಕಾಯ್ದೆಗಿಂತಲೂ ಹಿಂದೆ ಹೋದ ಹಾಗೆ.

ಹಾಗಂತ ಸರ್ಕಾರ ಕೂಲಿಯವರ ಪರ ನಿಂತಿದೆ ಅಂತ ನಾನು ಹೇಳುತ್ತಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಕರ್ನಾಟಕ ಸರ್ಕಾರವೇ ದಿನಕ್ಕೆ 10, ವಾರಕ್ಕೆ 60 ಗಂಟೆ ಅಂತ ಅಧಿಸೂಚನೆ ಹೊರಡಿಸಿತ್ತು. ಹೈಕೋರ್ಟಿಗೆ ಅರ್ಜಿ ಹೋದ ಮೇಲೆ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಗುಜರಾತ್ ದಿನಕ್ಕೆ 12 ಗಂಟೆ ಮಾಡಿ ಡಬಲ್ ಓಟಿಯನ್ನೂ ಕಿತ್ತುಹಾಕಿತ್ತು. ಆ ಆದೇಶವನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2023ರಲ್ಲಿ ತಮಿಳುನಾಡು ಸಹ 12 ಗಂಟೆಯ ಮಸೂದೆ ಪಾಸು ಮಾಡಿತ್ತು. ಕಾರ್ಮಿಕ ಸಂಘಟನೆಗಳು ಗಲಾಟೆ ಎಬ್ಬಿಸಿದ್ದಕ್ಕೆ ಮೇ ದಿನದಂದೇ ವಾಪಸ್ ಅಂತ ಘೋಷಿಸಬೇಕಾಯಿತು. ನಮ್ಮಲ್ಲಿ ಅಷ್ಟು ಸದ್ದೇ ಆಗಲಿಲ್ಲ. ಆಮೇಲೆ ಇಲ್ಲಿ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. 2024ರಲ್ಲಿ ಐಟಿಯವರಿಗೆ ಓಟಿ ಸೇರಿ ದಿನಕ್ಕೆ 14 ಗಂಟೆ, 2025ರಲ್ಲಿ 12 ಗಂಟೆ ಅನ್ನುವ ಪ್ರಸ್ತಾವ ಬಂದವು. ಐಟಿ ನೌಕರರ ಸಂಘ ಕಿಟು ಎರಡನ್ನೂ ವಿರೋಧಿಸಿತು. ಸಂಘ ಅಂದರೆ ಮೂಗು ಮುರಿಯುತ್ತಿದ್ದ ನನ್ನ ಟೆಕ್ಕಿ ಗೆಳೆಯರು ಆ ವಾರ ಕಿಟು ಪೋಸ್ಟರ್‌ಗಳನ್ನೇ ಸ್ಟೇಟಸ್‌ಗೆ ಹಾಕಿಕೊಂಡಿದ್ದರು!

“ಇಷ್ಟ ಇಲ್ಲದಿದ್ದರೆ ಕೆಲಸ ಬಿಡಲಿ, ಯಾರು ಹಿಡಿದುಕೊಂಡಿದ್ದಾರೆ?” ಅಂತ ಕಾಮೆಂಟ್ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಎಷ್ಟೋ ಐಟಿ ಕಂಪನಿಗಳಲ್ಲಿ ಬಿಡುವುದಕ್ಕೂ ಮೂರು ತಿಂಗಳ ನೋಟಿಸ್ ಕೊಡಬೇಕು. ರಿಲೀವಿಂಗ್ ಲೆಟರ್ ಕೈಗೆ ಬರದಿದ್ದರೆ ಮುಂದಿನ ಕಂಪನಿ ಸೇರಿಸಿಕೊಳ್ಳುವುದು ಕಷ್ಟ. ಅಲ್ಲಿಯವರೆಗೆ ಲಾಗಿನ್ ಆಗಿಯೇ ಇರಬೇಕು.