ಗಂಡ ಕೆಟ್ಟವನೇನಲ್ಲ
ಹಳೆಯ ಸಣ್ಣಕಥೆಗಳಲ್ಲಿ ದಾರಿ ತಪ್ಪಿದ ಹೆಂಡತಿಗೆ ಶಿಕ್ಷೆ ಗ್ಯಾರಂಟಿ ಅಂತ ಒಂದು ಲೇಖನದಲ್ಲಿ ಓದಿದೆ. ಎಲ್ಲ ಕಡೆ ಹಾಗಿಲ್ಲ. ಅಮೆರಿಕದ ಕೇಟ್ ಶೋಪಾನ್ ಬರೆದ ಎರಡು ಕಥೆಗಳನ್ನೇ ನೋಡಿ. 1894ರ ‘ದಿ ಸ್ಟೋರಿ ಆಫ್ ಆ್ಯನ್ ಅವರ್’ನ ಲೂಯಿಸ್ ಯಾರ ಹಿಂದೆಯೂ ಹೋದವಳಲ್ಲ. ಗಂಡ ರೈಲು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ, ಬಿಕ್ಕಿ ಬಿಕ್ಕಿ ಅಳುತ್ತಾಳೆ, ಆಮೇಲೆ ಕೋಣೆ ಸೇರಿ ತೆರೆದ ಕಿಟಕಿ ಎದುರು ಒಬ್ಬಳೇ ಕೂತಾಗ ಇನ್ನು ನನ್ನ ಬದುಕು ನನ್ನದು ಅನ್ನೋ ಖುಷಿ ತಡೆದರೂ ನಿಲ್ಲದೆ ಉಕ್ಕುತ್ತದೆ. ಅವನೇನು ಕೆಟ್ಟ ಗಂಡನಲ್ಲ, ಪ್ರೀತಿಯಿಂದಲೇ ನೋಡಿಕೊಂಡಿದ್ದ. ನನಗೆ ಚುಚ್ಚುವುದೇ ಇದು. ಹೊಡೆಯುವ ಗಂಡನಾಗಿದ್ದರೆ ನಮಗೆಲ್ಲ ಸುಲಭ ಇತ್ತು, ಅಲ್ವಾ? ಕೊನೆಗೆ ಅವನು ಜೀವಂತ ಬಂದು ನಿಲ್ಲುತ್ತಾನೆ, ಸಾಯುವವಳು ಇವಳು.

‘ದಿ ಸ್ಟಾರ್ಮ್’ ಪೂರ್ತಿ ಉಲ್ಟಾ. ಗಂಡ, ಮಗ ಮಳೆಗೆ ಅಂಗಡಿಯಲ್ಲಿ ಸಿಕ್ಕಿಕೊಂಡಿದ್ದಾಗ ಕ್ಯಾಲಿಕ್ಸ್ಟಾ ಹಳೇ ಗೆಳೆಯನನ್ನು ಕೂಡುತ್ತಾಳೆ. ಮಳೆ ನಿಂತ ಮೇಲೆ ಗಂಡ ಸೀಗಡಿ ಡಬ್ಬಿ ಹಿಡಿದು ಬಂದರೆ ಅವನ ಕೆನ್ನೆಗೊಂದು ಮುತ್ತು ಕೊಟ್ಟು, ಇವತ್ತು ಹಬ್ಬದೂಟ ಅನ್ನುತ್ತಾಳೆ! ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಆ ಗೆಳೆಯನ ಹೆಂಡತಿಯೂ ದೂರದೂರಿನಲ್ಲಿ ಗಂಡನಿಲ್ಲದೆ ಆರಾಮಾಗಿದ್ದಾಳೆ. 1898ರಲ್ಲಿ ಬರೆದ ಈ ಕಥೆ ಅಚ್ಚಾಗಿದ್ದು 1969ರಲ್ಲಿ. ಅಷ್ಟೊತ್ತಿಗೆ ಲೇಖಕಿ ತೀರಿಹೋಗಿ 65 ವರ್ಷ ಆಗಿತ್ತು.