ಒಂದು ಹಿಡಿ ನೋಡಿ ಇಡೀ ಚೀಲಕ್ಕೆ ದರ

ಐದು ವರ್ಷದ ಹಿಂದೆ ಅಪ್ಪಯ್ಯ ತೀರಿಕೊಂಡಾಗ ಊರಿಗೆ ಊರೇ ಬಂತು. ನಮ್ಮ ತೋಟದ ಬೇಲಿಯಾಚೆಯ ಒಬ್ಬರು ಮಾತ್ರ ಬರಲಿಲ್ಲ. ಅಪ್ಪಯ್ಯನ ಜೊತೆ ಶಾಲೆಗೆ ಹೋದವರು, ನಮ್ಮ ಜಗಲಿಯಲ್ಲಿ ಕೂತು ಎಷ್ಟು ಕವಳ ಹಾಕಿದ್ದಾರೋ ಲೆಕ್ಕವಿಲ್ಲ. ಸಾವಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ.

ಆವತ್ತೇ ತೀರ್ಮಾನ ಮಾಡಿಬಿಟ್ಟೆ. ಮನುಷ್ಯತ್ವ ಇಲ್ಲದ ಜನ.

ನಾವು ಅಡಿಕೆಯವರು. ಸರಕು, ಬೆಟ್ಟೆ, ರಾಶಿ, ಕೊನೆಗೆ ಎಲ್ಲಕ್ಕಿಂತ ಕಡಿಮೆ ದರದ ಗೊರಬಲು ಅಂತ ಬೇರೆ ಮಾಡೋದನ್ನ ನೋಡುತ್ತಲೇ ಬೆಳೆದವರು. ಶಿವಮೊಗ್ಗದ ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರೆ ಸಾಕು, ಇಡೀ ಚೀಲದ ಹಣೆಬರಹ ಹೇಳಿಬಿಡುತ್ತಾರೆ. ಅಡಿಕೆಗೆ ಅದು ಬೇಕು, ದರ ಕಟ್ಟಬೇಕಲ್ವಾ. ನಾನು ಮನುಷ್ಯರಿಗೂ ಅದನ್ನೇ ಮಾಡುತ್ತಿದ್ದೆ. ಸಾಲ ಮಾಡಿ ಕಾರು ತಂದವನು, ಬೆಂಗಳೂರಿಂದ ಬಂದು ತೋಟದ ಕಡೆ ತಲೆಯೂ ಹಾಕದ ಹುಡುಗರು, ಅತ್ತೆಯ ಎದುರು ಕಾಲು ಚಾಚಿ ಕೂತ ಸೊಸೆ, ಹೀಗೆ ಒಬ್ಬೊಬ್ಬರನ್ನೂ ಒಂದು ಹಿಡಿ ನೋಡಿ ಗೊರಬಲು ಅಂತ ಮೂಲೆಗೆ ಹಾಕೋದು.

ದಿನಾ ಬೆಳಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತಿದ್ದೆ, ಈಗಲೂ ಕೂರುತ್ತೇನೆ. ಆದರೆ ಎದ್ದು ಜಗಲಿಗೆ ಬಂದು ರಸ್ತೆ ಕಡೆ ನೋಡಿದ ಕೂಡಲೇ ಶುರು. ಆ ಅರ್ಧ ಗಂಟೆಗಿಂತ ಆಮೇಲಿನ ಹದಿನೈದು ಗಂಟೆಯೇ ದೊಡ್ಡದು ಅಂತ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯಿತು.

ಈಗ ಎರಡು ವರ್ಷದಿಂದ ಒಂದೇ ಒಂದು ಅಭ್ಯಾಸ ಹಿಡಿದುಕೊಂಡಿದ್ದೇನೆ. ಕಂಡಿದ್ದನ್ನು ಮಾತ್ರ ಮನಸ್ಸಿನಲ್ಲಿ ಹೇಳಿಕೊಳ್ಳೋದು. 'ಅವರು ಬರಲಿಲ್ಲ.' ಅಷ್ಟೇ, ಅಲ್ಲಿಗೆ ನಿಲ್ಲಿಸೋದು. 'ಅಂಥವರು' ಅನ್ನೋ ಮಾತು ಹಿಂದೆಯೇ ಬರುತ್ತದೆ, ಬಂದೇ ಬರುತ್ತದೆ, ಅದನ್ನು ಬಂತು ಅಂತ ನೋಡಿ ಬಿಡೋದು. ತಪ್ಪನ್ನು ತಪ್ಪು ಅನ್ನಬಾರದು ಅಂತಲ್ಲ. ಯಾರಾದರೂ ಸೊಸೈಟಿ ದುಡ್ಡು ತಿಂದಿದ್ದರೆ ತಿಂದ ಅಂತಲೇ ಹೇಳಬೇಕು, ಲೆಕ್ಕ ಕೇಳಬೇಕು.

ವಾಟ್ಸಾಪಲ್ಲಿ ಕಥೆಗಳು ಬರುತ್ತವಲ್ಲ, ಬಸ್ಸಿನಲ್ಲಿ ಎದ್ದು ಸೀಟು ಕೊಡದ ಹುಡುಗನಿಗೆ ಕೊನೆಗೆ ನೋಡಿದರೆ ಕಾಲೇ ಇರಲಿಲ್ಲ ಅಂತ. ನನಗೆ ಅವು ಸಾಲದು ಅನ್ನಿಸುತ್ತದೆ. ಕಾರಣ ಸಿಕ್ಕ ಮೇಲೆ ಯಾರು ಬೇಕಾದರೂ ಮನಸ್ಸು ಬದಲಿಸುತ್ತಾರೆ. ಕಾರಣ ಸಿಗದೇ ಇದ್ದಾಗ? ಅವರು ಯಾಕೆ ಬರಲಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

12ನೇ ಶತಮಾನದ ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಅಲ್ಲಮಪ್ರಭು ಅಲ್ಲೇ ಹತ್ತಿರದ ಬಳ್ಳಿಗಾವಿಯವರು. ಅಕ್ಕ ಉಟ್ಟಿದ್ದನ್ನೂ ಬಿಟ್ಟು ಕೂದಲನ್ನೇ ಹೊದ್ದು ಹೊರಟಳು ಅಂತ ಹೇಳುತ್ತಾರೆ. ದಾರಿಯಲ್ಲಿ ಜನ ಏನೇನು ಅಂದಿರಬಹುದು? ಇವತ್ತು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಒಬ್ಬಳು ನಿಂತರೆ ನಾನು ಏನು ಅಂದುಕೊಳ್ಳುತ್ತೇನೆ ಅಂತ ಯೋಚಿಸಿದರೆ ಹೆದರಿಕೆಯಾಗುತ್ತದೆ. ಕಲ್ಯಾಣದಲ್ಲಿ ಅಲ್ಲಮರೂ ಅವಳನ್ನು ಸುಮ್ಮನೆ ಬಿಡಲಿಲ್ಲ, ಕಟುವಾಗಿಯೇ ಪ್ರಶ್ನೆ ಮಾಡಿದರು. ಆದರೆ ಕೇಳಿದರು, ಉತ್ತರಕ್ಕೆ ಕಿವಿ ಕೊಟ್ಟರು. ನಾನು ಐದು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮೊನ್ನೆ ಜೋರು ಮಳೆ. ಟೀ ಅಂಗಡಿಗೆ ನುಗ್ಗಿದರೆ ಬೇಲಿಯಾಚೆಯ ಅವರು ಕೂತಿದ್ದರು. ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

"ಎಂಥ ಮಾರಾಯ, ಎರಡನೇ ಮದ್ದು ಹೊಡೆಸಿದ್ಯಾ?"

"ಇಲ್ಲ, ಮಳೆ ಬಿಡ್ತಾನೇ ಇಲ್ಲ. ಅಡಿಕೆಗೆ ಕೊಳೆ ರೋಗ ಶುರುವಾಗಿದೆ."

"ನಂದೂ ಉದುರ್ತಾ ಇದೆ."

ಲೋಟ ಹಿಡಿದ ಅವರ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಮದ್ದಿಗೆ ಹಾಕುವ ಮೈಲುತುತ್ತದ ನೀಲಿ. ಬೆರಳು ಸಣ್ಣಗೆ ನಡುಗುತ್ತಿತ್ತು, ಟೀ ತುಳುಕದ ಹಾಗೆ ಇನ್ನೊಂದು ಕೈಯನ್ನೂ ಲೋಟಕ್ಕೆ ಕೊಟ್ಟಿದ್ದರು. ಯಾಕೆ ಬರಲಿಲ್ಲ ಅಂತ ಕೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಅದು ತಿಳಿದುಕೊಳ್ಳೋಕೆ ಕೇಳುವ ಪ್ರಶ್ನೆ ಆಗಿರಲಿಲ್ಲ, ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ ಆಗಿತ್ತು. ನುಂಗಿಕೊಂಡೆ.

ಮಳೆ ಸ್ವಲ್ಪ ಇಳಿಯಿತು. ಕೊಡೆ ಬಿಚ್ಚಿ ಎದ್ದರು.

"ಮನೆ ಕಡೆ ಬನ್ನಿ" ಅಂದೆ.

ಹೂಂ ಅಂದರೋ ಇಲ್ಲವೋ, ಮಳೆ ಸದ್ದಿನಲ್ಲಿ ಕೇಳಲಿಲ್ಲ. ಅವರ ಟೀ ದುಡ್ಡನ್ನೂ ಕೊಟ್ಟು ನಾನೂ ಹೊರಟೆ.