ತಗ್ಗು ಬಾಗಿಲು, ಬಗ್ಗದ ತಲೆ

ಹಣೆಯ ಮೇಲೆ ಎರಡು ಬುಗುಟು ಏಳುವವರೆಗೂ ನಾನು ಮರದ ದಿಮ್ಮಿ ಮನೆಗಳ ದೊಡ್ಡ ಅಭಿಮಾನಿಯಾಗಿದ್ದೆ. ಈಗಲೂ ಅಭಿಮಾನಿಯೇ. ಆದರೆ ಸ್ವಲ್ಪ ಬಗ್ಗಿ ನಡೆಯುವ ಅಭಿಮಾನಿ.

ಮಗಳು, ಅಳಿಯ ಇರುವುದು ಅಮೆರಿಕದ ಕೆಂಟಕಿಯಲ್ಲಿ, ಲೂಯಿವಿಲ್ ಊರಲ್ಲಿ. ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ ಮಗಳು, "ಅಪ್ಪಾ, ಸ್ಮೋಕಿ ಬೆಟ್ಟಕ್ಕೆ ಹೋಗೋಣ. ಹೋಟೆಲ್ ಬೇಡ, ಹಳೇ ಕಾಲದ ಕ್ಯಾಬಿನ್ ಸಿಕ್ಕಿದೆ, ದಿಮ್ಮಿ ಮನೆ" ಅಂದಳು. ಅಷ್ಟು ಸಾಕಾಯಿತು. ಹದಿನೈದು ದಿನ ಕೂತು ವಿಡಿಯೋ ನೋಡಿದೆ. ನೋಡಿದ್ದನ್ನೆಲ್ಲ ಕಾರಿನಲ್ಲಿ ಹೇಳತೊಡಗಿದೆ. ನಾಲ್ಕೂವರೆ ಗಂಟೆ ದಾರಿ, ಯಾರೂ ಇಳಿದು ಹೋಗುವ ಹಾಗಿರಲಿಲ್ಲ.

ದಿಮ್ಮಿ ಮನೆ ಕಟ್ಟುವ ವಿದ್ಯೆಯನ್ನು ಆ ದೇಶಕ್ಕೆ ತಂದವರಲ್ಲಿ ಮೊದಲಿಗರು ಸ್ವೀಡನ್, ಫಿನ್‌ಲೆಂಡ್ ಕಡೆಯವರು. 1638ರಲ್ಲಿ ಡೆಲವೇರ್ ನದಿಯ ದಂಡೆಗೆ ಬಂದಿಳಿದವರು. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಆ ಗುಡಿಸಲಿಗೆ ಎಂಥ ಬೆಲೆ ಬಂತು ಅಂದರೆ, 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ 'ದಿಮ್ಮಿ ಮನೆಯ ಮನುಷ್ಯ' ಅಂತ ಪ್ರಚಾರ ಮಾಡಿಸಿಕೊಂಡು ಗೆದ್ದ. ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಬಂಗಲೆಯಲ್ಲಿ! "ನಮ್ಮವರು ಓಟಿನ ಟೈಮಲ್ಲಿ ಗುಡಿಸಲಲ್ಲಿ ಮುದ್ದೆ ಉಣ್ತಾರಲ್ಲ, ಹಾಗೆ" ಅಂದಳು ನನ್ನವಳು, ಕಣ್ಣು ಮುಚ್ಚಿಕೊಂಡೇ.

ಮೊದಲು ನೋಡಿದ್ದು ಕೇಡ್ಸ್ ಕೋವ್ ಕಣಿವೆಯ ಜಾನ್ ಆಲಿವರ್ ಮನೆ. 1820ರ ದಶಕದ್ದು. ನಾನು ಸೀದಾ ಮೂಲೆಗೆ ಹೋಗಿ ನಿಂತೆ. ದಿಮ್ಮಿ ಮನೆಯ ಜೀವ ಇರೋದೇ ಮೂಲೆಯಲ್ಲಿ. ಒಂದರ ಮೇಲೊಂದು ದಿಮ್ಮಿ ಕೂರುವ ಕಡೆ ಕೊಡಲಿಯಲ್ಲಿ ಕಚ್ಚು ಮಾಡಿರುತ್ತಾರೆ. ಮೊಳೆಯಿಲ್ಲ, ಗೂಟವಿಲ್ಲ. ದಿಮ್ಮಿಯ ಭಾರವೇ ದಿಮ್ಮಿಯನ್ನು ಹಿಡಿದಿರುತ್ತದೆ. ಈ ಬೆಟ್ಟಗಳ ಕಡೆಯ ಹಳೆಯ ಮನೆಗಳಲ್ಲಿ ಆ ಕಚ್ಚು ಪಾರಿವಾಳದ ಬಾಲದ ಹಾಗೆ ಅಗಲವಾಗಿ, ಹೊರಕ್ಕೆ ಇಳಿಜಾರಾಗಿರುತ್ತದೆ. ಮಳೆ ನೀರು ಒಳಗೆ ಇಳಿಯದೆ ಹೊರಗೆ ಜಾರಿಹೋಗುತ್ತದೆ, ಮರ ಲಡ್ಡಾಗುವುದಿಲ್ಲ. ಬೆರಳಿಟ್ಟು ಸವರಿದೆ. ಕೊಡಲಿ ಏಟಿನ ಗುರುತುಗಳು ಇನ್ನೂ ಇದ್ದವು. ನಿಜಕ್ಕೂ ಖುಷಿಯಾಯಿತು.

"ಇನ್ನೊಂದು ವಿಷಯ ಗೊತ್ತೇನೇ? ಗೋಡೆ ಎದ್ದ ಮೇಲೆ ಬಾಗಿಲಿನ ಜಾಗ ಕೊಯ್ಯೋದು. ಬಾಗಿಲು ಎತ್ತರ ಮಾಡಿದರೆ ಒಳಗಿನ ಶಾಖ ಹೊರಗೆ ಹೋಗುತ್ತೆ. ಅದಕ್ಕೇ ಬೇಕಂತಲೇ ತಗ್ಗು ಮಾ—"

ಠಪ್.

ಹಿಂದೆ ಸಾಲಿನಲ್ಲಿದ್ದ ಒಂದು ಮಗು ಚಪ್ಪಾಳೆ ತಟ್ಟಿತು.

ನಾವು ಉಳಿದುಕೊಂಡ ಕ್ಯಾಬಿನ್ನೂ ಹೆಚ್ಚುಕಡಿಮೆ ಅದೇ ಮಾದರಿ. ಕಲ್ಲಿನ ಚಿಮಣಿ, ಮೇಲೆ ಮಲಗಲು ಅಟ್ಟ, ಹತ್ತಲು ಕಡಿದಾದ ಏಣಿ. ಸಂಜೆ ಬೆಂಕಿ ಹಾಕುವ ಕೆಲಸ ನನ್ನದು ಅಂದೆ. ಪುರಳೆ ಕೆಳಗೆ, ಸೌದೆ ಮೇಲೆ, ಎಲ್ಲ ಕ್ರಮವಾಗಿ ಜೋಡಿಸಿದೆ. ಬೆಂಕಿ ಚೆನ್ನಾಗಿಯೇ ಹತ್ತಿತು. ಹೊಗೆ ಮಾತ್ರ ಮೇಲೆ ಹೋಗುವ ಬದಲು ನಮ್ಮನ್ನು ಮಾತಾಡಿಸಲು ಬಂತು. ಅಷ್ಟರಲ್ಲಿ ಹಳೇ ಕಾಲದ ತೊಲೆಯ ಮೇಲಿದ್ದ ಹೊಸ ಕಾಲದ ಅಲಾರಂ ಕಿರುಚತೊಡಗಿತು. ಅಳಿಯ ಟವೆಲ್ ಬೀಸುತ್ತಾ ಕುಣಿದ. ಮಗಳು ಕಿಟಕಿ ತೆಗೆದಳು. ನಾನು ಕಣ್ಣೀರು ಒರೆಸಿಕೊಳ್ಳುತ್ತಾ, "ಗಾಳಿ ದಿಕ್ಕು ಸರಿಯಿಲ್ಲ" ಅಂತ ವಿವರಿಸುತ್ತಿದ್ದೆ.

ನನ್ನವಳು ಕೊಪ್ಪದ ಕಡೆಯವಳು. ಊದುಗೊಳವೆ ಹಿಡಿದೇ ಬೆಳೆದವಳು. ಸೆರಗು ಮೂಗಿಗೆ ಒತ್ತಿಕೊಂಡು ಬಂದು, ಚಿಮಣಿಯೊಳಗೆ ಬಗ್ಗಿ ನೋಡಿ, ಒಂದು ಕಬ್ಬಿಣದ ಹಿಡಿ ಎಳೆದಳು. ಚಿಮಣಿಯ ಮುಚ್ಚಳ ಮುಚ್ಚೇ ಇತ್ತು.

"ವಿಡಿಯೋದಲ್ಲಿ ಇದನ್ನ ತೋರಿಸಲಿಲ್ವಾ?" ಅಂತ ಕೇಳಿದಳು. ತೋರಿಸಿದ್ದರು. ನಾನೇ ಓಡಿಸಿಕೊಂಡು ನೋಡಿದ್ದೆ.

ರಾತ್ರಿ ಅಟ್ಟದ ಮೇಲೆ ಮಲಗಿದೆವು. ದಿಮ್ಮಿಗಳ ನಡುವಿನ ಸಂದಿಗೆ ಹಿಂದಿನವರು ಮಣ್ಣು, ಕಲ್ಲು, ಮರದ ಚಕ್ಕೆ ಸೇರಿಸಿ ಮೆತ್ತುತ್ತಿದ್ದರು. ಅದು ಒಣಗಿ ಉದುರುವುದು ಮಾಮೂಲು, ಆಗಾಗ ಮೆತ್ತುತ್ತಲೇ ಇರಬೇಕು. ನನ್ನ ತಲೆಯ ಪಕ್ಕದಲ್ಲೇ ಉದುರಿತ್ತು. ತಣ್ಣನೆಯ ಗಾಳಿ ಕಿವಿಯೊಳಗೆ ಸೂಜಿ ಹಾಕಿದ ಹಾಗೆ. ಬೇಸತ್ತ ನನ್ನವಳು ನನ್ನ ಮಂಕಿ ಕ್ಯಾಪ್ ಕಿತ್ತು ಆ ಸಂದಿಗೆ ತುರುಕಿ ಹೊದ್ದು ಮಲಗಿದಳು. ಮನೆ ಬೆಚ್ಚಗಾಯಿತು, ನನ್ನ ತಲೆ ಬರಿದಾಯಿತು. ಎರಡು ಗಂಟೆಗೆ ಕೆಳಗಿಳಿಯಬೇಕಾಗಿ ಬಂತು, ವಯಸ್ಸಿನ ಕರೆ. ಎದ್ದು ನಿಂತೆ. ಜಂತಿ ಅಲ್ಲೇ ಕಾಯುತ್ತಿತ್ತು. ಎರಡನೇ ಬುಗುಟು.

ವಾಪಸ್ ಬರುವಾಗ ಹಾಡ್ಜೆನ್‌ವಿಲ್‌ನಲ್ಲಿ ಅಬ್ರಹಾಂ ಲಿಂಕನ್ ಹುಟ್ಟಿದ ಜಾಗಕ್ಕೆ ಹೋದೆವು. 1809ರಲ್ಲಿ ಆತ ಹುಟ್ಟಿದ್ದು ಇಂಥದ್ದೇ ದಿಮ್ಮಿ ಮನೆಯಲ್ಲಿ. ಬೆಳೆದು ಆದದ್ದು ಆರಡಿ ನಾಲ್ಕಂಗುಲ. ಐದಡಿ ಐದಂಗುಲದ ನನ್ನ ಗತಿಯೇ ಹೀಗಾದರೆ ಪಾಪ ಅವನದ್ದೇನಾಗಿರಬೇಡ, ಅಲ್ವಾ?

ಗುಡಿಯಂಥ ಕಲ್ಲಿನ ಕಟ್ಟಡ. ಲಿಂಕನ್ ಬದುಕಿದ ವರ್ಷಕ್ಕೆ ಒಂದರಂತೆ 56 ಮೆಟ್ಟಿಲು. ಮಂಡಿ ಹಿಡಿದುಕೊಂಡು ಹತ್ತುತ್ತಾ ಮಗಳು ಫೋನಿನಲ್ಲಿ ಓದಿದ್ದನ್ನು ಕೇಳಿದೆವು. ಒಳಗಿರುವ ಕ್ಯಾಬಿನ್ ನಿಜವಾದದ್ದಲ್ಲ. ಮರದ ಉಂಗುರ ಎಣಿಸಿ ನೋಡಿದಾಗ ಅತಿ ಹಳೆಯ ದಿಮ್ಮಿ 1848ರದ್ದು ಅಂತ ಗೊತ್ತಾಯಿತಂತೆ. "ಅಂದ್ರೆ ಮನೆಗಿಂತ ಮಗುವೇ 39 ವರ್ಷ ದೊಡ್ಡದು" ಅಂದಳು ನನ್ನವಳು. ಸಾಲದ್ದಕ್ಕೆ ಕಟ್ಟಡದೊಳಗೆ ಜನ ಸುತ್ತಾಡಲು ಜಾಗ ಸಾಲಲಿಲ್ಲ ಅಂತ ಕ್ಯಾಬಿನ್ನನ್ನೇ ಕೊಯ್ದು ಚಿಕ್ಕದು ಮಾಡಿದ್ದಾರೆ. "ಗುಡಿಗೆ ತಕ್ಕ ಹಾಗೆ ದೇವರನ್ನೇ ಕೆತ್ತಿದ್ರಾ?" ಅಂತ ಕೇಳಿ ಅವಳು ಮೆಟ್ಟಿಲ ಮೇಲೇ ಕೂತು ನಗತೊಡಗಿದಳು.

ನಾನು ಮುಂದೆ ಹೋದೆ. ಕಟ್ಟಡದ ಬಾಗಿಲು ಆನೆ ಹೋಗುವಷ್ಟು ಎತ್ತರ. ಆದರೂ ಹೊಸ್ತಿಲ ಹತ್ತಿರ ಬಂದ ಕೂಡಲೇ ನನ್ನ ಸೊಂಟ ತಾನಾಗಿ ಬಗ್ಗಿತು, ತಲೆ ತಗ್ಗಿತು. ಒಳಗೆ ನಿಂತಿದ್ದ ರೇಂಜರ್ ಅದನ್ನು ನೋಡಿದ. ಟೋಪಿ ತೆಗೆದು ಎದೆಗಿಟ್ಟುಕೊಂಡು, ಅಷ್ಟೇ ಗಂಭೀರವಾಗಿ ತಾನೂ ತಲೆ ಬಾಗಿಸಿದ.